ಮರೆಯದಿರಿ, ಮರೆತು ಮರುಗದಿರಿ

ಗದಗಿನಿಂದ ಕೊಪ್ಪಳದ ದಾರಿ ಹಿಡಿದರೆ ಅರ್ಧ ತಾಸಿನೊಳಗೆ ಲಕ್ಕುಂಡಿ ಬರುತ್ತದೆ. ಅಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ಅತ್ತಿಮಬ್ಬೆ ಗುಡಿ ಕಟ್ಟಿಸಿ ಸುಮ್ಮನಾದವಳಲ್ಲ. ಪೊನ್ನನ ಶಾಂತಿಪುರಾಣವನ್ನು ತಾಳೆಗರಿಯ ಮೇಲೆ 1000 ಪ್ರತಿ ಮಾಡಿಸಿ ಹಂಚಿದಳು. ಅಚ್ಚಿನ ಮೊಳೆ ಇನ್ನೂ ಕನಸಿನಲ್ಲೂ ಇರದ ಕಾಲ ಅದು. ಒಂದೊಂದು ಪ್ರತಿಗೂ ಗರಿ ಹದ ಮಾಡಬೇಕು, ಕಂಟದಿಂದ ಕೊರೆಯಬೇಕು, ಮಸಿ ಸವರಬೇಕು, ದಾರ ಪೋಣಿಸಬೇಕು. ಇದನ್ನು ನಾವು ದಾನವೆಂದು ಓದಿಕೊಂಡು ಬಂದಿದ್ದೇವೆ, ಅದು ಸರಿಯೇ. ಆದರೆ ಬಸದಿ ಇದ್ದಲ್ಲೇ ಇರುತ್ತದೆ, ಪುಸ್ತಕ ಊರೂರು ಸುತ್ತಿ ಓದುಗನನ್ನು ಬಸದಿಯ ಬಾಗಿಲಿಗೆ ತರುತ್ತದೆ ಎಂಬ ಲೆಕ್ಕವೂ ಆ ಚತುರೆಯ ತಲೆಯಲ್ಲಿ ಇದ್ದಿರಲೇಬೇಕು.

ಬರೆದದ್ದನ್ನು ಪುಕ್ಕಟೆ ಹಂಚಿ ಜನರನ್ನು ಕರೆಯುವ ಈ ವಿದ್ಯೆ ಗದಗ, ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆಯಲ್ಲಿ ಮತ್ತೆ ಜೋರಾಗಿ ತಲೆಯೆತ್ತಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ, ನಾಟಕ ಕಂಪನಿಗಳ ಕೈಯಲ್ಲಿ. ಮಾರಬೇಕಾದ ಸರಕು ಹೊಸದು, ಕೊಳ್ಳುವವರು ಎಲ್ಲಿದ್ದಾರೋ ಗೊತ್ತಿಲ್ಲ, ಅವರನ್ನು ಹುಡುಕಿ ಕರೆತರಲು ಇರುವುದು ನಾಲ್ಕು ಮಾತು ಮಾತ್ರ. ಆ ನಾಲ್ಕು ಮಾತು ಯಾವುವಾಗಬೇಕು ಎಂಬುದರ ಮೇಲೆ ಕಂಪನಿಯ ಅನ್ನ ನಿಂತಿತ್ತು.

ಆಗಿನ ಪರಿಸ್ಥಿತಿ ಹೀಗಿತ್ತು. ಗದಗ ಮತ್ತು ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆಗೆ ಸೇರಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಕಚೇರಿಯ ಕಾಗದ ಮರಾಠಿ, ಸಂಸ್ಥಾನಿಕರ ಮನೆಮಾತು ಮರಾಠಿ, ಊರಿಗೆ ಬರುವ ನಾಟಕವೂ ಮರಾಠಿ. 1843ರಲ್ಲಿ ವಿಷ್ಣುದಾಸ ಭಾವೆ ಸಾಂಗಲಿಯ ದೊರೆ ಚಿಂತಾಮಣರಾವ್ ಪಟವರ್ಧನರ ಆಶ್ರಯದಲ್ಲಿ 'ಸೀತಾ ಸ್ವಯಂವರ' ಆಡಿಸಿದ್ದರಿಂದ ಮರಾಠಿ ರಂಗಭೂಮಿ ಆರಂಭವಾಯಿತೆನ್ನುತ್ತಾರೆ. ಅದಕ್ಕೆ ಪ್ರೇರಣೆ ಉತ್ತರ ಕನ್ನಡದ ಕರ್ಕಿಯಿಂದ ಹೋಗಿ ಅಲ್ಲಿ ಆಟ ತೋರಿಸಿದ ಭಾಗವತ ಮೇಳ. ಹೀಗೆ ಕನ್ನಡದ ಆಟ ನೋಡಿ ಹುಟ್ಟಿದ ಮರಾಠಿ ನಾಟಕ ಮೂವತ್ತು ವರ್ಷದಲ್ಲಿ ಕನ್ನಡದ ಊರುಗಳಿಗೆ ಗಾಡಿ ಕಟ್ಟಿಕೊಂಡು ಬಂದು ಗಲ್ಲಾ ತುಂಬಿಸಿಕೊಳ್ಳತೊಡಗಿತು. ಮಾತು ಅರ್ಧ ತಿಳಿಯದಿದ್ದರೂ ಜನ ಹೋಗಿ ಕೂಡುತ್ತಿದ್ದರು, ಬೇರೆ ಏನಿತ್ತು?

ಇದನ್ನು ಕಂಡು ಕುದ್ದವರು ಒಬ್ಬ ಸಾಲೀ ಮಾಸ್ತರರು. ಸಕ್ಕರಿ ಬಾಳಾಚಾರ್ಯ, ಶಾಂತಕವಿ ಎಂದು ಹೆಸರಾದವರು, ಹುಟ್ಟಿದ್ದು 1856ರಲ್ಲಿ, ಹಿರೇಕೆರೂರು ಕಡೆಯ ಸಾತೇನಹಳ್ಳಿಯಲ್ಲಿ. 1870ರ ದಶಕದಲ್ಲಿ, ಇನ್ನೂ ಮೀಸೆ ಚಿಗುರುವ ವಯಸ್ಸಿನಲ್ಲಿ, ಗದಗಿನಲ್ಲಿ ಕನ್ನಡ ನಾಟಕದ ಮಂಡಳಿಯೊಂದನ್ನು ಕಟ್ಟಿಸಿದರು. ಅದರ ಹೆಸರನ್ನು ಪೂರ್ತಿ ಹೇಳಬೇಕು: ಶ್ರೀ ವೀರನಾರಾಯಣ ಪ್ರಾಸಾದಿತ ಕೃತಪುರ ನಾಟಕ ಮಂಡಳಿ. ಈ ಉದ್ದ ಹೆಸರಿನಲ್ಲಿ ಒಂದು ಪದವೂ ಸುಮ್ಮನೆ ಬಂದಿಲ್ಲ. ವೀರನಾರಾಯಣ ಎಂದರೆ ಊರ ದೇವರು, ಕುಮಾರವ್ಯಾಸ ಕುಳಿತು ಭಾರತ ಬರೆದನೆಂದು ಜನ ನಂಬಿದ ಗುಡಿ. ಕೃತಪುರ ಎಂದರೆ ಗದಗಿನ ಹಳೆಯ ಹೆಸರು. ದೇವರ ಪ್ರಸಾದವೆಂದ ಮೇಲೆ ಮನೆಯ ಹಿರಿಯರು ಮಕ್ಕಳನ್ನು ತಡೆಯುವಂತಿಲ್ಲ. ನಾಟಕ ನೋಡುವುದು ಕೆಟ್ಟ ಚಾಳಿ ಎನ್ನುವ ಬಾಯಿಗೆ ಹೆಸರಿನಲ್ಲೇ ಬೀಗ ಬಿದ್ದಿತು.

ಮಂಡಳಿ ಆಡಿದ 'ಉಷಾಹರಣ' ಪುರಾಣದ ಕಥೆ. ಅದೂ ಗೊತ್ತಿದ್ದೇ ಆರಿಸಿದ ದಾರಿ. ದೊಡ್ಡಾಟ ನೋಡಿ ಬೆಳೆದವರಿಗೆ ಬಾಣಾಸುರ, ಉಷೆ, ಅನಿರುದ್ಧ ಗೊತ್ತು. ಹೊಸ ಬಗೆಯ ಆಟಕ್ಕೆ ಹಳೆಯ ಪರಿಚಯದ ಹೆಸರು ಕೊಟ್ಟರೆ ಅರ್ಧ ಪ್ರಚಾರ ಮುಗಿದಂತೆ. ಕನ್ನಡ ವೃತ್ತಿರಂಗಭೂಮಿ ಮುಂದಿನ ನೂರು ವರ್ಷ ಈ ಸೂತ್ರವನ್ನು ಬಿಡಲಿಲ್ಲ.

ಶಿರಹಟ್ಟಿಯವರು ಅದನ್ನೇ ಹಿಡಿದರು. ಸಾಂಗಲಿ ದೊರೆಯ ಸೀಮೆಯೊಳಗೇ ವೆಂಕೋಬರಾಯರ ಮಹಾಲಕ್ಷ್ಮಿ ಪ್ರಾಸಾದಿಕ ನಾಟಕ ಮಂಡಳಿ ಎದ್ದು ನಿಂತಿತು, ಜನರ ಬಾಯಲ್ಲಿ 'ಶಿರಹಟ್ಟಿ ಕಂಪನಿ' ಆಯಿತು. ಗದಗಿನ ಗರುಡ ಸದಾಶಿವರಾಯರು ದತ್ತಾತ್ರೇಯನ ಹೆಸರಿನಲ್ಲಿ ಮಂಡಳಿ ಕಟ್ಟಿದರು, ಅದು 'ಗರುಡರ ಕಂಪನಿ'. ಪಾಟಿಯ ಮೇಲೆ ದೇವರ ಹೆಸರು, ಬಾಯಲ್ಲಿ ಊರಿನದೋ ಮಾಲಕನದೋ ಹೆಸರು. ಈ ಎರಡು ಹೆಸರಿನ ಪದ್ಧತಿ ಎಷ್ಟು ಗಟ್ಟಿಯಾಯಿತೆಂದರೆ, ಉತ್ತರ ಕರ್ನಾಟಕದ ಹಳೆಯ ಪ್ರೇಕ್ಷಕರು ಇಂದಿಗೂ ಕಂಪನಿಯ ನೋಂದಣಿಯ ಹೆಸರು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ.

ಲಕ್ಷ್ಮೇಶ್ವರದ ಬಚ್ಚಾಸಾನಿಯ ದಾರಿ ಬೇರೆ. ಹೆಣ್ಣಿನ ಪಾತ್ರವನ್ನು ಗಂಡಸರೇ ಸೀರೆ ಉಟ್ಟು ಮಾಡುತ್ತಿದ್ದ ಕಾಲದಲ್ಲಿ ಆಕೆ ಕಟ್ಟಿದ್ದು ಸ್ತ್ರೀ ನಾಟಕ ಮಂಡಳಿ. ಅಲ್ಲಿ ಗಂಡು ಪಾತ್ರಕ್ಕೂ ಹೆಂಗಸರೇ. ಹಾಗಾಗಿ 'ಸ್ತ್ರೀ' ಎಂಬ ಒಂದೇ ಮಾತು ಹೆಸರಿನಲ್ಲಿ ಕೂತು ದೇವರ ಕೆಲಸವನ್ನೂ ಮಾಲಕನ ಕೆಲಸವನ್ನೂ ಮಾಡಿತು. ಬೇರೆ ಯಾವ ಕಂಪನಿಯೂ ಕೊಡಲಾಗದ್ದನ್ನು ಹೆಸರೇ ಹೇಳಿಬಿಡುತ್ತಿತ್ತು. ಕುತೂಹಲಕ್ಕೆ ಬಂದವರೆಷ್ಟು, ಕಲೆಗೆ ಬಂದವರೆಷ್ಟು ಎಂದು ಎಣಿಸಿದವರಿಲ್ಲ, ಆದರೆ ಬಂದವರು ಹಾಡು ಕೇಳದೆ ಎದ್ದು ಹೋಗುವಂತಿರಲಿಲ್ಲ.

ಇಷ್ಟರೊಳಗೆ ಗದಗಿಗೆ ರೈಲು ಬಂದಿತ್ತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಹಳಿ ಬಿದ್ದು, ಹುಬ್ಬಳ್ಳಿ, ಬಳ್ಳಾರಿ, ಸೊಲ್ಲಾಪುರದ ದಾರಿಗಳು ಕೂಡುವ ಜಂಕ್ಷನ್ ಆಯಿತು. ಅರಳೆಯ ವ್ಯಾಪಾರ ಹೆಚ್ಚಿತು, ಜಿನ್ನಿಂಗ್ ಮಿಲ್ಲು ಬಂದವು, ಬೆಟಗೇರಿಯ ನೇಕಾರರ ಸೀರೆ ದೂರದ ಪೇಟೆಗೆ ಹೋಗತೊಡಗಿತು. ಅರಳೆಯ ಸುಗ್ಗಿ ಮುಗಿದು ರೈತನ ಕೈಯಲ್ಲಿ ನಾಲ್ಕು ಕಾಸು ಇದ್ದಾಗ ಕಂಪನಿಗಳು ಪರದೆ, ಪೆಟ್ಟಿಗೆ, ಪೇಟಿಗಳನ್ನು ವ್ಯಾಗನ್ನಿಗೆ ಹೇರಿಸಿ ಬಂದಿಳಿಯುತ್ತಿದ್ದವು. ಶಿರಹಟ್ಟಿ ಫಕ್ಕೀರೇಶ್ವರನ ಜಾತ್ರೆ, ಮುಂಡರಗಿ ಅನ್ನದಾನೇಶ್ವರನ ಜಾತ್ರೆ, ಗದಗಿನ ತೋಂಟದಾರ್ಯನ ಜಾತ್ರೆ: ಕ್ಯಾಂಪಿನ ಪಂಚಾಂಗ ಜಾತ್ರೆಯ ಪಂಚಾಂಗವೇ ಆಗಿತ್ತು.

ಜಂಕ್ಷನ್ನು, ಪೇಟೆ, ನಾಟಕ ಮೂರೂ ಒಂದೇ ಕಡೆ ಸೇರಿದರೆ ಅಚ್ಚಿನ ಮನೆ ಹುಟ್ಟದೆ ಇರುತ್ತದೆಯೇ? ಗದಗ ಬರಬರುತ್ತಾ 'ಮುದ್ರಣ ಕಾಶಿ' ಎನ್ನಿಸಿಕೊಂಡಿತು. ಪಂಚಾಂಗ, ಕ್ಯಾಲೆಂಡರು, ಪುರಾಣ, ಭಜನೆಯ ಹಾಡು, ಸಾಲೀ ಪುಸ್ತಕ, ಅಂಗಡಿಯ ಖಾತೆ ವಹಿ, ಲಗ್ನಪತ್ರಿಕೆ, ನಾಟಕದ ಪುಸ್ತಕ, ಮತ್ತು ಇವೆಲ್ಲದರ ನಡುವೆ ಬಿಡುವು ಸಿಕ್ಕಾಗಲೆಲ್ಲ ಹ್ಯಾಂಡ್‌ಬಿಲ್ಲು. ಶಾಬಾದಿಮಠ, ಹೊಂಬಾಳಿ ಎಂಬ ಹೆಸರುಗಳನ್ನು ಪುಸ್ತಕದ ರಟ್ಟಿನ ಮೇಲೆ ನೋಡುತ್ತ ಬೆಳೆದ ತಲೆಮಾರು ಈ ಭಾಗದಲ್ಲಿ ದೊಡ್ಡದಿದೆ.

ಹ್ಯಾಂಡ್‌ಬಿಲ್ಲು ಎಂಬ ತೆಳು ಹಾಳೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕಾಗದ ಗುಲಾಬಿಯೋ ಹಳದಿಯೋ ತಿಳಿ ಹಸಿರೋ, ಅಗ್ಗದ್ದು, ಬೆಳಕಿಗೆ ಹಿಡಿದರೆ ಬೆರಳು ಕಾಣುವಂಥದ್ದು. ನೆತ್ತಿಯ ಮೇಲೆ ಇಷ್ಟದೇವರು 'ಪ್ರಸನ್ನ'. ಅದರ ಕೆಳಗೆ ಕಂಪನಿಯ ಹೆಸರು ಕಮಾನಿನಂತೆ ಬಾಗಿ ಕೂತಿರುತ್ತದೆ, ಅದನ್ನು ಹಾಗೆ ಬಾಗಿಸಿ ಮೊಳೆ ಜೋಡಿಸುವುದೇ ಕಂಪೋಸಿಟರನ ಕೈಚಳಕ. ನಡುವೆ ನಾಟಕದ ಹೆಸರು, ಪ್ರೆಸ್ಸಿನಲ್ಲಿರುವ ಅತಿ ದಪ್ಪ ಅಕ್ಷರದಲ್ಲಿ. ಲೋಹದ ಮೊಳೆ ಸಾಲದಿದ್ದರೆ ಕಟ್ಟಿಗೆಯ ಮೊಳೆ. ಅದರಡಿ ಸಣ್ಣಗೆ 'ಅರ್ಥಾತ್'. ಮತ್ತೆ ದಪ್ಪಗೆ ಇನ್ನೊಂದು ಹೆಸರು.

ಈ ಎರಡನೆಯ ಹೆಸರಿನದೇ ಸೊಗಸು. ಮೊದಲ ಹೆಸರು ನಾಟಕಕಾರ ಇಟ್ಟದ್ದು, ಎರಡನೆಯದು ಊರು ನೋಡಿ ಸೇರಿಸಿದ್ದು. ಒಕ್ಕಲುತನದ ಊರಾದರೆ ಅದರಲ್ಲಿ ರೈತನೋ ಗೌಡನೋ ಬರುತ್ತಾನೆ, ಪೇಟೆಯಾದರೆ ಸಾಹುಕಾರ ಬರುತ್ತಾನೆ, ಹೆಂಗಸರು ಹೆಚ್ಚು ಬರಬೇಕೆಂದರೆ ತವರು, ತಾಳಿ, ಕುಂಕುಮ, ಅಣ್ಣ, ತಂಗಿ. ಒಂದೇ ನಾಟಕ ನಾಲ್ಕು ಊರಿನಲ್ಲಿ ನಾಲ್ಕು ಹೆಸರು ಹೊತ್ತರೆ ಯಾರೂ ಮೋಸವೆನ್ನುತ್ತಿರಲಿಲ್ಲ. ಜನ ಯಾವ ಮಾತನ್ನು ಮನಸ್ಸಿನಲ್ಲಿ ಹುಡುಕುತ್ತಾರೋ ಆ ಮಾತನ್ನು ಹಾಳೆಯ ನಟ್ಟ ನಡುವೆ ನಿಲ್ಲಿಸುವುದು ಮ್ಯಾನೇಜರನ ಜಾಣತನ. ಇಂದು ಕಂಪ್ಯೂಟರಿನ ಮುಂದೆ ಕುಳಿತು ಕೀವರ್ಡ್ ಹುಡುಕುವವರು ಮಾಡುವುದೂ ಇದನ್ನೇ, ಅವರಿಗೆ ಜನರ ಹುಡುಕಾಟದ ಅಂಕಿ ಸಂಖ್ಯೆ ಸಿಗುತ್ತದೆ. ಮ್ಯಾನೇಜರನಿಗೆ ಸಿಗುತ್ತಿದ್ದುದು ಚಹಾದಂಗಡಿಯ ಮಾತು.

ಹೆಸರಿನಲ್ಲೇ ಗೆದ್ದ ನಾಟಕಗಳಿಗೆ ಲೆಕ್ಕವಿಲ್ಲ. ಕಂದಗಲ್ಲ ಹನುಮಂತರಾಯರು (1896–1966) ಕುರುಕ್ಷೇತ್ರದ ಕೊನೆಯಲ್ಲಿ ಅಶ್ವತ್ಥಾಮ ನಡುರಾತ್ರಿ ಪಾಂಡವರ ಮಕ್ಕಳನ್ನು ಕೊಂದ ಕಥೆಯನ್ನು ಕೈಗೆತ್ತಿಕೊಂಡರು. ಮೂಲ ಭಾರತದಲ್ಲಿ ಅದು ಸೌಪ್ತಿಕ ಪರ್ವ. ಆ ಹೆಸರಿನಲ್ಲಿ ಹ್ಯಾಂಡ್‌ಬಿಲ್ಲು ಹಾಕಿದ್ದರೆ ಮುಂದಿನ ಸಾಲಿನಲ್ಲಿ ನಾಲ್ವರು ಶಾಸ್ತ್ರಿಗಳು ಕೂಡುತ್ತಿದ್ದರೇನೋ. ಹನುಮಂತರಾಯರು ಇಟ್ಟ ಹೆಸರು 'ರಕ್ತರಾತ್ರಿ'. ಪಿ.ಬಿ. ಧುತ್ತರಗಿಯವರ 'ಮುದುಕನ ಮದುವೆ' ಎಂಬ ಎರಡು ಮಾತಿನಲ್ಲಿ ಕಥೆ, ನಗೆ, ತಕರಾರು ಎಲ್ಲ ಇದೆ, ಕೇಳಿದವನಿಗೆ ವರ ಯಾರೆಂದು ನೋಡಲೇಬೇಕೆನ್ನಿಸುತ್ತದೆ. ಅವರದೇ 'ಸಂಪತ್ತಿಗೆ ಸವಾಲ್' 1974ರಲ್ಲಿ ರಾಜ್‌ಕುಮಾರ್ ಸಿನಿಮಾ ಆದಾಗಲೂ ಹೆಸರು ಬದಲಾಗಲಿಲ್ಲ. ಸಿನಿಮಾದವರಿಗೂ ಬೇರೆ ಹೆಸರು ಬೇಕೆನ್ನಿಸಲಿಲ್ಲ.

ಹಾಳೆಯ ಕೆಳಭಾಗದಲ್ಲಿ ನಟರ ಹೆಸರು, ಹೆಸರಿನ ಹಿಂದೆ ಬಿರುದು. ಆಮೇಲೆ ಸ್ಥಳ, ರಾತ್ರಿ 10 ಗಂಟೆ, ಕುರ್ಚಿ ಮತ್ತು ನೆಲದ ದರ, ಹೆಂಗಸರಿಗೆ ಬೇರೆ ಆಸನ ಉಂಟೆಂಬ ಭರವಸೆ. ಕಡೆಗೆ, ಮರೆಯದಿರಿ, ಮರೆತು ಮರುಗದಿರಿ. ಎರಡು ದಿನ ಕಳೆದರೆ 'ಕೊನೆಯ ಎರಡೇ ಪ್ರಯೋಗ', ಮತ್ತೆರಡು ದಿನಕ್ಕೆ 'ರಸಿಕರ ಒತ್ತಾಯದ ಮೇರೆಗೆ'. ಈ ಒತ್ತಾಯ ಎಷ್ಟು ಸಲ ಗಲ್ಲೆಯದೇ ಆಗಿರುತ್ತಿತ್ತೆಂದು ಪ್ರೇಕ್ಷಕನಿಗೂ ಗೊತ್ತು, ಮಾಲಕನಿಗೂ ಗೊತ್ತು.

ಹಾಳೆ ಅಚ್ಚಾದ ಮೇಲೆ ಅದು ಜನರ ಕೈಗೆ ಹೋಗಬೇಕಲ್ಲ. ಸಂಜೆ ಟಾಂಗಾ ಹೊರಡುತ್ತಿತ್ತು. ಎರಡೂ ಕಡೆ ಬಣ್ಣದ ಪಾಟಿ, ಒಳಗೆ ಹಲಗಿ ಬಡಿಯುವವನು, ಹಿಂದೆ ಕುಳಿತವನ ಮಡಿಲಲ್ಲಿ ಹ್ಯಾಂಡ್‌ಬಿಲ್ಲಿನ ಕಟ್ಟು. ಅವನು ಹಾಳೆ ತೂರಿದಂತೆಲ್ಲ ಹಿಂದೆ ಹುಡುಗರ ದಂಡು. ಧ್ವನಿವರ್ಧಕ ಬಂದ ಮೇಲೆ ಹಲಗಿ ಹಿಂದೆ ಸರಿಯಿತು, ಕೂಗುವವನ ಗಂಟಲು ಮುಂದೆ ಬಂತು. 1934ರಲ್ಲಿ 'ಸತಿ ಸುಲೋಚನಾ'ದಿಂದ ಕನ್ನಡ ಸಿನಿಮಾ ಮಾತಾಡತೊಡಗಿದ ನಂತರ ಟೂರಿಂಗ್ ಟಾಕೀಸಿನವರು ಇದೇ ಟಾಂಗಾ, ಇದೇ ಬಣ್ಣದ ಹಾಳೆ, ಇದೇ ಕೂಗನ್ನು ಎತ್ತಿಕೊಂಡರು. ಅವರ ಹತ್ತಿರ ಹೊಸದಾಗಿ ಇದ್ದದ್ದು ಹಾಡಿನ ಪುಸ್ತಕವೊಂದೇ.

ಪುಕ್ಕಟೆ ಕೊಟ್ಟದ್ದು ಎಲ್ಲಿ ಹೋಗಿ ಮುಟ್ಟುತ್ತದೆಂದು ಕೊಟ್ಟವನಿಗೆ ತಿಳಿಯುವುದಿಲ್ಲ. ಗದಗ ಸೀಮೆಯಲ್ಲಿ ಬೆಳೆದ ಭೀಮಸೇನ ಜೋಶಿ ಎಂಬ ಹುಡುಗ ಅಂಗಡಿಯೊಂದರಲ್ಲಿ ಹಾಕಿದ ಅಬ್ದುಲ್ ಕರೀಂ ಖಾನರ ಗ್ರಾಮೋಫೋನ್ ತಟ್ಟೆ ಕೇಳಿ ಕಾಲು ಕೀಳಲಾರದೆ ನಿಂತದ್ದು, 1933ರಲ್ಲಿ ಗುರುವನ್ನು ಹುಡುಕಿ ಮನೆ ಬಿಟ್ಟು ಓಡಿದ್ದು ಎಲ್ಲರೂ ಕೇಳಿದ ಸಂಗತಿ. ಅಂಗಡಿಯವರು ಆ ತಟ್ಟೆ ತಿರುಗಿಸಿದ್ದು ಗಿರಾಕಿ ಬರಲೆಂದು. ಹುಡುಗ ಏನೂ ಕೊಳ್ಳಲಿಲ್ಲ.

ಇನ್ನೊಂದು ಬಗೆಯ ಹಾಳೆಯಲ್ಲಿ ಜನರನ್ನು ಎಳೆಯುತ್ತಿದ್ದುದು ನಾಟಕವಲ್ಲ, ಅದರ ಉದ್ದೇಶ. ಗದಗಿನ ವಕೀಲ ಹುಯಿಲಗೋಳ ನಾರಾಯಣರಾಯರು (1884–1971) ಹವ್ಯಾಸಿಗಳಿಗಾಗಿ ನಾಟಕ ಬರೆದು ಆಡಿಸಿದರು, ವಿದ್ಯಾದಾನ ಸಮಿತಿಯ ಶಾಲೆಗೆ ದುಡಿದರು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹಾಡಲಾದ ತಮ್ಮ ನಾಡಗೀತೆಯಿಂದ ನಾಡಿಗೆಲ್ಲ ಪರಿಚಿತರಾದ ಅವರನ್ನು ಗದಗಿನವರು ನಾಟಕದ ನಾರಾಯಣರಾಯರೆಂದೇ ಮೊದಲು ಬಲ್ಲರು. ಹಾನಗಲ್ಲ ಕುಮಾರಸ್ವಾಮಿಗಳ ಆಶೀರ್ವಾದದಿಂದ ಊರೂರು ತಿರುಗುತ್ತಿದ್ದ ಪಂಚಾಕ್ಷರ ಗವಾಯಿಗಳ ಸಂಗೀತ ಶಾಲೆ 1940ರ ದಶಕದ ಆರಂಭಕ್ಕೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆ ನಿಂತಿತು. ಅಂಧ, ಅನಾಥ ಮಕ್ಕಳ ಊಟ, ಪಾಠಕ್ಕೆ ದುಡ್ಡು ಬೇಕಿತ್ತು. ಗವಾಯಿಗಳ ತರುವಾಯ ಪುಟ್ಟರಾಜ ಗವಾಯಿಗಳು (1914–2010) ತಾವೇ ನಾಟಕ ಬರೆದು, ಆಶ್ರಮದ ನಾಟ್ಯ ಸಂಘವನ್ನು ಊರೂರಿಗೆ ಕಳಿಸಿದರು. ಅದರ ಬೋರ್ಡು ಕಂಡರೆ ಭಕ್ತರು ಟಿಕೀಟಿನ ದರ ಕೇಳುತ್ತಿರಲಿಲ್ಲ. ಶರಣರ ಚರಿತ್ರೆ, ಕುರುಡ ಮಕ್ಕಳ ಅನ್ನ, ಗವಾಯಿ ಅಜ್ಜನ ಹೆಸರು ಎಂಬ ಮೂರು ಮಾತು ಸಾಕಾಗುತ್ತಿತ್ತು.

ನಾಟಕದ ಪುಸ್ತಕದ ವ್ಯಾಪಾರಕ್ಕೆ ಇನ್ನೊಂದು ಉಪಾಯವಿತ್ತು. ಗದಗಿನ ಜನಪ್ರಿಯ ಪುಸ್ತಕದ ಹಿಂಬದಿಯ ರಟ್ಟನ್ನು ಖಾಲಿ ಬಿಡುವುದೆಂದರೆ ಪಾಪ. ಅಲ್ಲಿ ಅದೇ ಪ್ರಕಾಶಕರ ಬೇರೆ ಪುಸ್ತಕಗಳ ಪಟ್ಟಿ, ಬೆಲೆ, ಅಂಗಡಿಯ ವಿಳಾಸ, ವಿ.ಪಿ. ಮೂಲಕ ಕಳಿಸಲಾಗುವುದೆಂಬ ಸೂಚನೆ. ಮುಂಡರಗಿ ಕಡೆಯ ಹಳ್ಳಿಯೊಂದರಲ್ಲಿ ಯಾರೋ ಒಬ್ಬರು ಒಂದು ಪುಸ್ತಕ ತಂದರೆ, ಅದು ಹತ್ತು ಮನೆ ಸುತ್ತುತ್ತಿತ್ತು, ಹತ್ತೂ ಮನೆಯವರು ಹಿಂಬದಿಯ ಪಟ್ಟಿ ಓದುತ್ತಿದ್ದರು. ಓದಿ ಮುಗಿದ ಪುಸ್ತಕವೇ ಮುಂದಿನ ಪುಸ್ತಕದ ಏಜೆಂಟನಾಗಿ ಕೂತಿರುತ್ತಿತ್ತು, ಕಮಿಷನ್ ಇಲ್ಲದೆ.

ಆ ಪುಸ್ತಕ ಕೊಳ್ಳುತ್ತಿದ್ದವರು ಬರೀ ಓದುಗರಲ್ಲ. ಜಾತ್ರೆ ಬಂತೆಂದರೆ ಊರಿನ ಹುಡುಗರೇ ನಾಟಕ ಆಡುವ ಪದ್ಧತಿ ಈ ಭಾಗದಲ್ಲಿ ಬಲವಾಗಿದೆ. ಪುಸ್ತಕ ತರುವುದು, ಪಾರ್ಟು ಹಂಚುವುದು, ಪೇಟಿ ಮಾಸ್ತರನನ್ನು ಕರೆಸುವುದು, ಸೀನರಿ ಬಾಡಿಗೆಗೆ ತರುವುದು, ಸ್ತ್ರೀ ಪಾತ್ರಕ್ಕೆ ಪೇಟೆಯ ಕಲಾವಿದೆಯರನ್ನು ಗೊತ್ತು ಮಾಡುವುದು, ಇಷ್ಟಾದ ಮೇಲೆ ಗದಗಿನ ಪ್ರೆಸ್ಸಿಗೆ ಓಡುವುದು. ಹಳ್ಳಿಯ ಈ ಹ್ಯಾಂಡ್‌ಬಿಲ್ಲು ಕಂಪನಿಯ ಹಾಳೆಗಿಂತ ಜಾಣತನದ್ದು ಎಂದರೆ ತಪ್ಪಿಲ್ಲ. ದಿವ್ಯ ಸಾನ್ನಿಧ್ಯ, ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು ಎಂದು ಶುರುವಾಗಿ, ದೇಣಿಗೆ ಕೊಟ್ಟವರು, ಪಾತ್ರಧಾರಿಗಳು, ಸ್ವಾಗತ ಕೋರುವವರು ಎಂದು ಹೆಸರಿನ ಮೇಲೆ ಹೆಸರು. ಹೊರಗಿನವನಿಗೆ ಅದು ಓದಲಾಗದ ಗಿಜಿಗಿಜಿ. ಊರಿನವನಿಗೆ ಹಾಗಲ್ಲ. ಹಾಳೆಯಲ್ಲಿ ಹೆಸರಿದ್ದವನು ಅದನ್ನು ಬಿಸಾಡುವುದಿಲ್ಲ, ಬೀಗರ ಊರಿಗೆ ಒಯ್ದು ತೋರಿಸುತ್ತಾನೆ, ಮನೆಮಂದಿಯನ್ನು ಕಟ್ಟಿಕೊಂಡು ಬಂದು ಮುಂದೆ ಕೂಡುತ್ತಾನೆ. ಐವತ್ತು ಹೆಸರು ಹಾಕಿದರೆ ಐವತ್ತು ಮನೆ ಬಂದಂತೆ. ಹೆಸರು ಬಿಟ್ಟುಹೋದರೆ ಜಗಳ, ಅದೂ ಒಂದು ರೀತಿಯ ಪ್ರಚಾರವೇ.

ಕಂಪನಿಗಳ ನಡುವಿನ ಪೈಪೋಟಿ ಕಣ್ಣಿಗೆ ಕಾಣುವುದು ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯಲ್ಲಿ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ವಾರಗಟ್ಟಲೆ ನಡೆಯುವ ಆ ಜಾತ್ರೆಗೆ ಗದಗ ಸೀಮೆಯ ಜನ ಗಾಡಿ ಗಾಡಿಯಾಗಿ ಹೋಗುತ್ತಾರೆ. ಅಲ್ಲಿ ಕಂಪನಿಗಳ ಥೇಟರುಗಳು ಸಾಲಾಗಿ ನಿಲ್ಲುತ್ತವೆ, ಒಂದೇ ರಾತ್ರಿ ಹಲವು ಆಟ. ಒಂದರ ಮೈಕಿನಲ್ಲಿ ಹೇಳಿದ್ದಕ್ಕೆ ಇನ್ನೊಂದರ ಮೈಕಿನಲ್ಲಿ ಉತ್ತರ. ಅಲ್ಲಿ ಉದ್ದ ವಿವರಕ್ಕೆ ಬೆಲೆಯಿಲ್ಲ, ನಡೆದು ಹೋಗುವವನು ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಕಿವಿಗೆ ಬಿದ್ದ ಒಂದು ಮಾತು ಅವನನ್ನು ತಿರುಗಿಸಬೇಕು. ಎರಡರ್ಥದ ಹೆಸರುಗಳು ವೃತ್ತಿರಂಗಭೂಮಿಯಲ್ಲಿ ಹೆಚ್ಚಿದ್ದಕ್ಕೆ ಈ ಹತ್ತು ಹೆಜ್ಜೆಯ ಲೆಕ್ಕವೂ ಒಂದು ಕಾರಣ. ಹಾಸ್ಯನಟನ ಹೆಸರು ನಾಟಕದ ಹೆಸರಿಗಿಂತ ದಪ್ಪವಾಯಿತು, ಕಥೆ ಬಡವಾಯಿತು. ಟಿ.ವಿ.ಯನ್ನು ದೂರುವವರು ಇದನ್ನೂ ಸ್ವಲ್ಪ ನೆನೆಯಬೇಕು: ಕುಟುಂಬ ಸಮೇತ ಬರುತ್ತಿದ್ದ ಪ್ರೇಕ್ಷಕರು ಬೋರ್ಡು ಓದಿಯೇ ಮನೆಗೆ ಹೋದದ್ದೂ ಇದೆ.

1997ರಲ್ಲಿ ಗದಗ ಬೇರೆ ಜಿಲ್ಲೆಯಾಗುವ ಹೊತ್ತಿಗೆ ಮೊಳೆ ಜೋಡಿಸುವ ಕೆಲಸ ಮುಗಿಯುತ್ತ ಬಂದಿತ್ತು. ಆಫ್‌ಸೆಟ್ಟು, ಡಿ.ಟಿ.ಪಿ., ಆಮೇಲೆ ಫ್ಲೆಕ್ಸು. ಟ್ರೆಡಲ್ ಯಂತ್ರಗಳು ತೂಕಕ್ಕೆ ಹೋದವು, ಸೀಸದ ಅಕ್ಷರಗಳೂ ಹೋದವು. ಫ್ಲೆಕ್ಸಿನಲ್ಲಿ ಹೆಸರಿಗಿಂತ ಮುಖ ದೊಡ್ಡದು, ಐವತ್ತು ಹೆಸರಿನ ಜಾಗದಲ್ಲಿ ಐವತ್ತು ಫೋಟೋ.

ಈಗ ಅದೇ ಜಾತ್ರೆಯ ನಾಟಕವನ್ನು ಹುಡುಗರು ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಏರಿಸುತ್ತಾರೆ. ಶೀರ್ಷಿಕೆ ನೋಡಿದರೆ ಹಳೆಯ ಮ್ಯಾನೇಜರನ ಮೊಮ್ಮಕ್ಕಳೇ ಸರಿ ಎನ್ನಿಸುತ್ತದೆ: ಹಳ್ಳಿ ನಾಟಕ, ಜವಾರಿ ಕಾಮಿಡಿ, ಉತ್ತರ ಕರ್ನಾಟಕ ನಾಟಕ ಎಂದು ಜನ ಟೈಪ್ ಮಾಡುವ ಮಾತುಗಳೆಲ್ಲ ಸಾಲುಗಟ್ಟಿ ನಿಂತಿರುತ್ತವೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ, ಗೋವೆಗೆ ದುಡಿಯಲು ಹೋದ ಗದಗ ಸೀಮೆಯ ಮಂದಿ ಆ ಮಾತು ಹಿಡಿದೇ ಅಲ್ಲಿಗೆ ಬಂದು ಮುಟ್ಟುತ್ತಾರೆ. ಆದರೆ ಎಷ್ಟೋ ವಿಡಿಯೊಗಳಲ್ಲಿ ನಾಟಕಕಾರನ ಹೆಸರಿಲ್ಲ, ಆಡಿದ ಊರಿನ ಹೆಸರಿಲ್ಲ, ತಾರೀಖಿಲ್ಲ, ಪಾತ್ರ ಮಾಡಿದವರು ಯಾರೆಂದೂ ಇಲ್ಲ. ತೆಳು ಗುಲಾಬಿ ಹಾಳೆಯಲ್ಲಿ ಇಷ್ಟನ್ನೂ ಹಾಕಿಯೇ ಮುಂದಿನ ಮಾತು ಆಡುತ್ತಿದ್ದ ಗದಗಿನ ಕಂಪೋಸಿಟರನು ಇಂಥ ಕರಡನ್ನು ಕಂಡರೆ ಸ್ಥಳ, ವೇಳೆ ಬರೆದುಕೊಂಡು ಬಾ ಎಂದು ಗಿರಾಕಿಯನ್ನು ಹಿಂದಕ್ಕೆ ಕಳಿಸುತ್ತಿದ್ದ.